ಪಾತ್ರೆ ಪುಟ್ಟಮಾದಯ್ಯ ಕೊಂಡ ಜೀಪು

ಬೆಟ್ಟದ ತಪ್ಪಲಿನ ಪೇಟೆಯೊಂದರಲ್ಲಿ ಪುಟ್ಟಮಾದಯ್ಯ ಎಂಬ ಪಾತ್ರೆ ವ್ಯಾಪಾರಿ ಇದ್ದ. ಬೆಟ್ಟದ ಮೇಲಿನ ಬಿದಿರುದಿಂಬ ಎಂಬ ಹಳ್ಳಿಯಲ್ಲಿ ಮದುವೆ ಎಂದರೆ ಪಾತ್ರೆ ಅವನ ಅಂಗಡಿಯದೇ. ಬಾಡಿಗೆ ಜೀಪಿನಲ್ಲಿ ಹೇರಿಕೊಂಡು ಹೋಗಿ ಮನೆಬಾಗಿಲಿಗೆ ಇಳಿಸಿ ಬರುತ್ತಿದ್ದ. ಆದರೆ ಬಾಡಿಗೆ ಕೊಡುವಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಹಳೆಯ ಜೀಪೊಂದು ಮಾರಾಟಕ್ಕೆ ಬಂತು. ಅಂಥದ್ದಕ್ಕೆ ಬೇರೆ ಕಡೆ ಮೂರು ಲಕ್ಷ. ಇದರ ಯಜಮಾನ ಎರಡು ಎಂದ. ಪುಟ್ಟಮಾದಯ್ಯ ಚೌಕಾಸಿ ಮಾಡಿ ಒಂದೂವರೆಗೆ ಇಳಿಸಿದ. ಆತ ಇಷ್ಟು ಸಲೀಸಾಗಿ ಯಾಕೆ ಇಳಿದ ಎಂದು ಕೇಳಿಕೊಳ್ಳಲಿಲ್ಲ, ತನ್ನ ಮಾತಿನ ಬಲ ಎಂದುಕೊಂಡ.

ಮೆಕ್ಯಾನಿಕ್ ಇಲಿಯಾಸ್, ದುಡ್ಡು ಕೊಡುವ ಮುಂಚೆ ಒಂದು ಏರು ಹತ್ತಿಸಿ ನೋಡೋಣ, ಗಾಡಿ ಕೆಳಗೆ ನುಗ್ಗಿ ನೋಡೋಕೆ ಐನೂರು ಕೊಡಿ ಎಂದ.

"ಐನೂರು ಕೊಟ್ಟು ನಿನ್ನ ಕೈಲಿ ಹೆದರಿಸಿಕೊಳ್ಳಲಾ?" ಎಂದು ಪುಟ್ಟಮಾದಯ್ಯ ನಕ್ಕ. "ತೂತು ಬಿದ್ದ ಕೊಡಕ್ಕೂ ತೂಕದ ಬೆಲೆ ಇದ್ದೇ ಇರುತ್ತೆ ಕಣಯ್ಯಾ."

"ಅಣ್ಣಾ, ನೀವು ಕೊಳ್ತಿರೋದು ತೂಕಕ್ಕಲ್ಲ, ಬೆಟ್ಟ ಹತ್ತೋಕೆ" ಎಂದ ಇಲಿಯಾಸ್. ಪುಟ್ಟಮಾದಯ್ಯ ಕೇಳದೆ ಅವತ್ತೇ ದುಡ್ಡು ಎಣಿಸಿ ಜೀಪು ಕೊಂಡ.

ಮರುವಾರ ಬಿದಿರುದಿಂಬದ ಸಣ್ಣತಾಯಮ್ಮನ ಮಗಳ ಮದುವೆ. ಬೆಳಗಿನ ಶಾಸ್ತ್ರದ ನೀರು ಹೊಸ ತಾಮ್ರದ ಕೊಡಗಳಲ್ಲೇ ಬರಬೇಕು. ಒಂಬತ್ತರೊಳಗೆ ತರುತ್ತೇನೆ ಎಂದು ಪುಟ್ಟಮಾದಯ್ಯ ಮಾತು ಕೊಟ್ಟಿದ್ದ. ಸ್ವಂತ ಜೀಪು ಇದೆಯಲ್ಲ ಎಂದು ಬಾಡಿಗೆಯವನನ್ನು ಬೇಡ ಅಂದಿದ್ದ.

ಮದುವೆಯ ಬೆಳಿಗ್ಗೆ ಬೆಟ್ಟದ ಮೂರನೆಯ ತಿರುವಿನಲ್ಲಿ ಜೀಪು ನಿಂತಿತು. ಹಿಂದಿನ ಚಕ್ರಗಳು ಕಲ್ಲು ಕೆದರಿದವು, ಮುಂದಿನವು ಅಲ್ಲಾಡಲಿಲ್ಲ. ಮುಂದಿನ ಚಕ್ರಕ್ಕೆ ಎಳೆತ ಕೊಡುವ ಗೇರು ಸವೆದು ಎಷ್ಟೋ ಕಾಲವಾಗಿತ್ತು. ಎರಡು ಕೊಡ ಹೆಗಲ ಮೇಲಿಟ್ಟುಕೊಂಡು ಅವನು ನಡೆದೇ ಮೇಲೆ ತಲುಪುವಷ್ಟರಲ್ಲಿ ಮಧ್ಯಾಹ್ನ. ಪಕ್ಕದ ಮನೆಯ ಹಳೇ ಕೊಡದಲ್ಲೇ ಶಾಸ್ತ್ರ ಮುಗಿದಿತ್ತು.

ಸಣ್ಣತಾಯಮ್ಮ ಬೈಯಲಿಲ್ಲ. ಉಂಡುಕೊಂಡು ಹೋಗಿ ಎಂದಳು. ಅವನು ತಂದ ಕೊಡಗಳನ್ನು ಒಳಗೆ ಒಯ್ಯಲಿಲ್ಲ, ಜಗಲಿಯ ಮೇಲೇ ಬಿಟ್ಟಳು.

"ಬಾಡಿಗೆ ಗಾಡೀಲೇ ಬಂದಿದ್ರೆ ಆಗ್ತಿತ್ತಲ್ಲಣ್ಣಾ" ಎಂದಳು ಅಷ್ಟೇ. ಅವನು ಅರ್ಧ ಉಂಡ ಎಲೆ ಮಡಚಿ ಎದ್ದ.

ಆಮೇಲೆ ರಿಪೇರಿ. ಗೇರು ಬಿಚ್ಚಿದರೆ ಆಕ್ಸಲ್ ಹೋಗಿದೆ, ಆಕ್ಸಲ್ ಬಿಚ್ಚಿದರೆ ಗಾಡಿಯ ಚೌಕಟ್ಟಾದ ಚಾಸಿಯನ್ನೇ ತುಕ್ಕು ತಿಂದಿದೆ. ಎಲ್ಲ ಮುಗಿಯುವಾಗ ಇನ್ನೂ ಎರಡು ಲಕ್ಷ ಕೈಬಿಟ್ಟಿತ್ತು. ಒಳ್ಳೆಯ ಗಾಡಿಗಿಂತ ಅರ್ಧ ಲಕ್ಷ ಹೆಚ್ಚೇ ಆಯಿತು. ಹೋಗಲಿ, ದುಡ್ಡು ದುಡಿದರೆ ಬರುತ್ತದೆ.

ಈಗ ಆ ಜೀಪು ಎಂಥ ಏರನ್ನೂ ಹತ್ತುತ್ತದೆ. ಆದರೆ ಬಿದಿರುದಿಂಬದಲ್ಲಿ ಎರಡು ಮದುವೆ ಆಗಿಹೋದವು, ಪಾತ್ರೆಗೆಂದು ಪುಟ್ಟಮಾದಯ್ಯನಿಗೆ ಯಾರೂ ಹೇಳಿಕಳಿಸಲಿಲ್ಲ.

ನೀತಿ: ಹಳೆಯ ಗಾಡಿಯ ಬೆಲೆ ಮಾರುವವನು ಹೇಳಿದಷ್ಟಲ್ಲ, ಅದು ನಿಮ್ಮ ಕೆಲಸಕ್ಕೆ ಒದಗುವ ಹೊತ್ತಿಗೆ ಆಗುವ ಒಟ್ಟು ಖರ್ಚಿನಷ್ಟು. ಆ ಲೆಕ್ಕವನ್ನು ಕೊಳ್ಳುವ ಮೊದಲೇ ತಿಳಿದವರಿಂದ ಹಾಕಿಸಿ. ಕೊಟ್ಟ ಮಾತನ್ನಂತೂ ಪರೀಕ್ಷೆ ಮಾಡದ ಗಾಡಿಯ ಮೇಲೆ ಹೇರಬೇಡಿ. ಮಾತು ಮುರಿದರೆ ಯಾವ ಗ್ಯಾರೇಜಿನಲ್ಲೂ ರಿಪೇರಿಯಿಲ್ಲ.