ಒಣ ಹಲಗೆ, ಒಣ ಗಣೆ

ಓಂಕಾರಿ ತನಗೆ ಹೇಳಿದ ಮಾತನ್ನು ಮರೆಯುವವನಲ್ಲ. ಅದೇ ತೊಂದರೆ. ಒಂದು ಮಾತು ಕಿವಿಗೆ ಬಿತ್ತೆಂದರೆ ಅದು ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಅವನಿಗೆ ತಿಳಿಯದು. ವಯಸ್ಸು ಮೂವತ್ತು ದಾಟಿತ್ತು. ಹಿಟ್ಟಿನ ಗಿರಣಿಯಲ್ಲಿ ಕೆಲಸ ಬಿಡಿಸಿದರು, ಸಾಮಿಲ್ಲಿನಲ್ಲೂ ಬಿಡಿಸಿದರು. ತಾಯಿ ಮಂಗಳಮ್ಮ ಕೊನೆಗೆ, ತೀರಿಹೋದ ಗಂಡನ ಗೆಳೆಯರಾಗಿದ್ದ ಗಂಗಾಧರಾಚಾರ್ರ ಅಂಗಡಿ ಮುಂದೆ ಹೋಗಿ ನಿಂತಳು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಅದು. ತಾನು ಕಣ್ಣು ಮುಚ್ಚುವುದರೊಳಗೆ ಇವನು ಒಂದು ಕಡೆ ನೆಲೆ ನಿಂತರೆ ಸಾಕು ಎಂದಳು. ಆಚಾರ್ರು ಹೂಂ ಎಂದರು.

ಮೊದಲ ದಿನ ಆಚಾರ್ರು ತಾಮ್ರದ ತಂತಿ ಕೊಟ್ಟು, ಬೆಸುಗೆಗೆ ಮುಂಚೆ ಮೇಲಿನ ಲೇಪ ಕೆರೆದಿಡು ಎಂದು ಹೇಳಿ ಊಟಕ್ಕೆ ಹೋದರು. ಕೆರೆಯಬೇಕಾದದ್ದು ತುದಿಯ ಎರಡು ಬೆರಳಷ್ಟು. ಓಂಕಾರಿ ಸಂಜೆಯವರೆಗೂ ಬ್ಲೇಡು ಹಿಡಿದು ಇಡೀ ಸುರುಳಿಯನ್ನೇ ಕೆರೆದ. ತಂತಿ ಫಳಫಳ ಹೊಳೆಯಿತು, ಕೆಲಸಕ್ಕೆ ಬಾರದಂತಾಯಿತು. ಆ ತೆಳು ಲೇಪ ಇದ್ದರೇನೇ ಕರೆಂಟು ಸುತ್ತಿನ ಮೇಲೆ ಸುತ್ತು ಹಾದು ಹೋಗುವುದು, ಇಲ್ಲದಿದ್ದರೆ ಅಡ್ಡದಾರಿ ಹಿಡಿದು ಸುರುಳಿ ಸುಡುತ್ತದೆ ಎಂದು ಆಚಾರ್ರು ಬೈದು ತಿಳಿಸಿದರು.

ಮಂಗಳಮ್ಮನೂ ಬೈದಳು. "ಬರಿ ತಾಮ್ರ ಕಂಡ್ರೆ ಮೊದ್ಲು ಮುಚ್ಚು ಕಣೋ," ಎಂದಳು.

ಹೂಂನಮ್ಮ ಎಂದ ಓಂಕಾರಿ. ಮಾರನೆಯ ದಿನ ಅಂಗಡಿಯಲ್ಲಿ ಬರಿ ತಾಮ್ರ ಹುಡುಕಿದ. ಮೇನ್ ಸ್ವಿಚ್ಚಿನ ಒಳಗೆ ಮೂರು ತಾಮ್ರದ ನಾಲಗೆ ಕಂಡವು. ಸ್ವಿಚ್ಚು ಏರಿಸಿದಾಗ ಎದುರಿನ ತಾಮ್ರಕ್ಕೆ ತಾಗಿ ಕರೆಂಟು ಹಾಯಿಸಬೇಕಾದವು. ಮೂರಕ್ಕೂ ಹತ್ತಿ ಟೇಪು ಸುತ್ತಿ, ವಾರ್ನಿಷ್ ಬಳಿದು, ಒಣಗಲಿ ಎಂದು ಬೀಸಣಿಗೆ ಬೀಸಿದ. ತೋಟದವರು ಮೋಟಾರು ಒಯ್ಯಲು ಬಂದು ಅರ್ಧ ದಿನ ಕುಕ್ಕರುಗಾಲಲ್ಲಿ ಕೂತರು. ಏನು ಮಾಡಿದರೂ ಅದು ತಿರುಗಲಿಲ್ಲ.

ಮತ್ತೆ ಬೈಗುಳ. ಮತ್ತೆ ಬುದ್ಧಿಮಾತು. "ಕರೆಂಟು ಹೋಗೋ ಕಡೆ ತಾಮ್ರ ದಪ್ಪಕ್ಕೆ, ಗಟ್ಟಿಗಿರ್ಬೇಕಂತೆ. ಸುಡಬಾರದಂತೆ," ಎಂದಳು ತಾಯಿ.

ಹೂಂನಮ್ಮ ಎಂದ. ವಾರದೊಳಗೆ ಅಂಗಡಿಯ ಫ್ಯೂಸು ಹೋಯಿತು. ಅಲ್ಲಿದ್ದದ್ದು ತವರದ ಸಣ್ಣ ತಂತಿ, ಸುಟ್ಟು ತುಂಡಾಗಿತ್ತು. ಸುಡಬಾರದಲ್ಲ! ಓಂಕಾರಿ ಪೆನ್ಸಿಲ್ಲಿನಷ್ಟು ದಪ್ಪದ ತಾಮ್ರ ಹಾಕಿ ಇಕ್ಕಳದಿಂದ ಬಿಗಿದ. ತಾನು ಮೊದಲು ಕರಗಿ ಮಿಕ್ಕದ್ದನ್ನು ಉಳಿಸುವುದಕ್ಕೇ ಆ ಬಡಕಲು ತಂತಿ ಇರುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಜೆ ಒಂದು ಮೋಟಾರು ತಿರುಗದೆ ಸಿಕ್ಕಿಕೊಂಡು ಬಿಸಿಯೇರಿತು. ಫ್ಯೂಸು ಕರಗಲಿಲ್ಲ, ಮೋಟಾರಿನ ಒಳಗಿನ ಲೇಪ ಕರಗಿತು. ತಾಮ್ರ ಕಬ್ಬಿಣಕ್ಕೆ ತಾಗಿ ಮೋಟಾರಿನ ಮೈಗೆಲ್ಲ ಕರೆಂಟು ಬಂತು. ಅದರ ಮೇಲೆ ಕೈಯಿಟ್ಟ ಆಚಾರ್ರು ಗಡಗಡ ನಡುಗಿದರು. ಓಂಕಾರಿ ಓಡಿ ಹೋಗಿ ಅವರನ್ನು ತಬ್ಬಿಕೊಂಡ. ಇಬ್ಬರೂ ನಡುಗಿದರು. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ಮೇನ್ ಇಳಿಸದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಆಚಾರ್ರು ಈ ಸಲ ಬೈಯಲಿಲ್ಲ. ಮಂಗಳಮ್ಮನ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಸುಟ್ಟ ಕೈಗೆ ಬಟ್ಟೆ ಸುತ್ತಿತ್ತು. "ಮಂಗಳಕ್ಕ, ಒಂದೇ ಒಂದು ಕಲ್ಸು. ಕಲಿತ್ರೆ ಇರ್ಲಿ. ಇಲ್ಲಾಂದ್ರೆ ಬೇಡ. ಇವನ ಹೆಣ ನಾನು ಹೊರಲಾರೆ."

ಕಲಿಸಬೇಕಾದದ್ದನ್ನು ವಿವರವಾಗಿಯೇ ಹೇಳಿದರು. ಒಣ ಮರದಲ್ಲಿ ಕರೆಂಟು ಹರಿಯುವುದಿಲ್ಲ. ಕರೆಂಟು ಹಿಡಿದು ನಡುಗುವವರನ್ನು ಕೈಯಿಂದ ಮುಟ್ಟಬಾರದು. ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ತಳ್ಳಬೇಕು.

ಅಷ್ಟುದ್ದ ಹೇಳಿದರೆ ಮಗ ಎಲ್ಲೋ ಒಂದು ಕಡೆ ತಪ್ಪುತ್ತಾನೆಂದು ಮಂಗಳಮ್ಮನಿಗೆ ಗೊತ್ತು. ಅವಳು ಅದನ್ನು ಮೊಟಕು ಮಾಡಿದಳು. ನಡುಗುವವರನ್ನು ಕಂಡರೆ ಮುಟ್ಟಬೇಡ. ಒಣ ಹಲಗೆ ಮೇಲೆ ನಿಲ್ಲು. ಒಣ ಕೋಲಿನಿಂದ ತಳ್ಳು. ಎಂಟು ದಿನ ಬೆಳಿಗ್ಗೆ ಸಂಜೆ ಹೇಳಿಸಿದಳು. ಒಂದಕ್ಷರ ತಪ್ಪದೆ ಒಪ್ಪಿಸಿದ.

ಒಂಬತ್ತನೆಯ ದಿನ ಭಾನುವಾರ. ಮಧ್ಯಾಹ್ನ ಮಂಗಳಮ್ಮನಿಗೆ ಚಳಿಜ್ವರ ಏರಿತು. ಮಂಚ ಅಲುಗಾಡುವಷ್ಟು ನಡುಕ. ಹಲ್ಲು ಕಟಕಟ ಎನ್ನುತ್ತಿತ್ತು. ಕೈ ಚಾಚಿ, "ಓಂಕಾರಿ, ಬಾರೋ, ಹಿಡ್ಕೋ," ಎಂದಳು.

ಓಂಕಾರಿ ಬಂದ. ನೋಡಿದ. ಹೊರಗೆ ಓಡಿದ. ಒಂದು ಹಲಗೆ ತಂದು, ಒಣಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡಿ, ಮಂಚದ ಹತ್ತಿರ ಹಾಕಿ ಹತ್ತಿ ನಿಂತ. ಬಟ್ಟೆ ಒಣಹಾಕುವ ಬಿದಿರ ಗಣೆಯನ್ನು ತಾಯಿಯ ಪಕ್ಕೆಗಿಟ್ಟು, ಇದ್ದಬದ್ದ ಬಲವೆಲ್ಲ ಹಾಕಿ ತಳ್ಳಿದ. ಮಂಗಳಮ್ಮ ಮಂಚದ ಆ ಕಡೆ ನೆಲಕ್ಕೆ ಉರುಳಿ ಬಿದ್ದಳು. ಮೊಣಕೈ ಜಜ್ಜಿತು.

"ಕರೆಂಟು ಬಿಡ್ತೇನಮ್ಮಾ?" ಎಂದ. ಅವನ ಕಣ್ಣು ತುಂಬಿತ್ತು. "ಮುಟ್ಲಿಲ್ಲ ಕಣಮ್ಮ. ಒಂದ್ಚೂರೂ ಮುಟ್ಲಿಲ್ಲ."

ನಡುಗಿದರೆ ಕೈ ಹಿಡಿಯಬೇಕು ಕಣೋ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಹೇಳಿದರೆ ಅದನ್ನೂ ಮರೆಯುವವನಲ್ಲ. ನಾಳೆ ಅಂಗಡಿಯಲ್ಲಿ ಯಾರಾದರೂ ನಡುಗಿದರೆ ಓಡಿ ಹೋಗಿ ಹಿಡಿಯುತ್ತಾನೆ. ಎರಡನ್ನೂ ಒಟ್ಟಿಗೆ ಕಲಿಸುವ ದಾರಿ ಅವಳಿಗೆ ತಿಳಿದಿರಲಿಲ್ಲ. ಕಲಿಸಿದ್ದನ್ನು ಮೊಟಕು ಮಾಡಿದವಳು ತಾನೇ.

"ಸರಿಯಾಗ್ ಮಾಡ್ದೆ ಮಗನೆ," ಎಂದಳು. "ಹೀಗೇ ಮಾಡ್ಬೇಕು."

ಓಂಕಾರಿಯ ಮುಖ ಅರಳಿತು. ಚಳಿ, ಹೊದಿಸು ಎಂದು ತಾಯಿ ಬಿದ್ದಲ್ಲಿಂದಲೇ ಕೇಳಿದ್ದಕ್ಕೆ ಅವನು ಹಲಗೆಯಿಂದ ಇಳಿಯದೆ, ಬಹಳ ಜೋಪಾನವಾಗಿ, ಗಣೆಯ ತುದಿಯಿಂದ ಕಂಬಳಿ ಎತ್ತಿ ಅವಳ ಮೇಲೆ ಹಾಕಿದ.