ಕಸುಬುಪೇಟೆಗೆ ಬೊಮ್ಮರಸ ಬರೆಸಿದ ನಿಯಮ

ಕಲ್ಲಹೊಳೆ ನಾಡಿನ ಅರಸ ಕೆಂಚರಾಯನಿಗೆ ತನ್ನ ಕಸುಬುಪೇಟೆಯ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಊರೊಳಗೆ ಚದುರಿದ್ದ ಸುಣ್ಣದ ಗೂಡು, ಎಣ್ಣೆ ಗಾಣ, ಬಣ್ಣದ ಬಾನಿಗಳನ್ನೆಲ್ಲ ಎತ್ತಿಸಿ ಹೊಳೆಯ ದಂಡೆಯ ಮೇಲೆ ಸಾಲಾಗಿ ಕೂರಿಸಿದ್ದ. ಹೊಳೆ ಹರಿದು ಬರುವ ಮೇಲ್ಗಡೆ ಸುಣ್ಣ, ಅದರ ಕೆಳಗೆ ಗಾಣ, ಅದರ ಕೆಳಗೆ ಬಣ್ಣ. ಬಂದ ಅತಿಥಿಗಳನ್ನು "ಇಂಥದ್ದು ಇನ್ನೆಲ್ಲಾದರೂ ಉಂಟೇ?" ಎಂದು ಕೇಳುವುದು, ಅವರು ಇಲ್ಲ ಎನ್ನುವವರೆಗೆ ಊಟಕ್ಕೆ ಎಬ್ಬಿಸದಿರುವುದು ಅವನ ರೂಢಿ.

ಹೀಗಿರುವಾಗ ಒಂದು ದಿನ ಅರಸನ ಬಿಳಿ ಉತ್ತರೀಯ ಒಗೆತದಿಂದ ನೀಲಿಯಾಗಿ ಬಂತು. ಅಂಚಿಗೆ ಎಣ್ಣೆಯ ಜಿಡ್ಡು, ನಡುವೆ ಸುಣ್ಣ ತಿಂದ ತೂತು. ಅರಸ ಅದನ್ನು ಸಭೆಯಲ್ಲಿ ಬಿಡಿಸಿ ಹಿಡಿದು, ಮಡಿವಾಳರ ಕೇರಿಯನ್ನು ನಾಡಿನಾಚೆ ಎಬ್ಬಿಸಿ ಕಳಿಸಿ ಎಂದು ಅಪ್ಪಣೆ ಮಾಡಿದ.

ಆಸ್ಥಾನದ ವಿದೂಷಕ ಬೊಮ್ಮರಸ ಎದ್ದು ನಿಂತ. ಮಡಿವಾಳರು ಪೇಟೆಯ ಕೆಳಗಿರುವವರು, ಮೇಲಿನಿಂದ ಬಂದ ನೀರಿನಲ್ಲಿ ತಾನೇ ಒಗೆಯಬೇಕು ಎಂದ.

"ಹಾಗಾದರೆ ನೀನೇ ಹೊಳೆಗೊಂದು ನಿಯಮ ಮಾಡು. ನಾಡಿನ ನಾಲ್ಕು ದಿಕ್ಕಿಗೂ ಇಂಥ ಪೇಟೆ ಕಟ್ಟಿಸುತ್ತೇನೆ, ಎಲ್ಲಕ್ಕೂ ಅದೇ ನಿಯಮ. ಆದರೆ ಪೇಟೆಯ ಮೂವರು ಯಜಮಾನರೂ ಒಪ್ಪಬೇಕು. ಅಮಾವಾಸ್ಯೆಯೊಳಗೆ ಆಗದಿದ್ದರೆ ಮಡಿವಾಳರ ಗಂಟುಮೂಟೆ ಹೊರುವುದಕ್ಕೆ ನೀನೂ ಹೋಗು," ಎಂದ ಅರಸ.

ಬೊಮ್ಮರಸ ನೇರ ಮಡಿವಾಳರ ಕೇರಿಗೆ ಹೋದ. ಹಿರಿಯಳಾದ ಈರವ್ವ ಅಂಗೈ ಚಾಚಿ ತೋರಿಸಿದಳು. ಒಡೆದು, ಒಡೆದಲ್ಲೆಲ್ಲ ನೀಲಿ ಕೂತಿತ್ತು. ಬೊಮ್ಮರಸನಿಗೆ ಆಸ್ಥಾನದಲ್ಲಿ ಅಷ್ಟು ವರ್ಷ ನಗಿಸಿದ್ದೆಲ್ಲ ದಂಡ ಎನಿಸಿತು.

ಮೊದಲು ಅವನು ಮೂವರು ಯಜಮಾನರನ್ನೂ ಒಟ್ಟಿಗೆ ಕೂರಿಸಿ ನಿಯಮ ಮಾಡಿ ಎಂದ. ಅವರು ಬಲು ಶ್ರದ್ಧೆಯಿಂದ ಮಾಡಿದರು. ಬಣ್ಣ ಕೊಳೆಯಲ್ಲ, ಕೊಳೆಯಾಗಿದ್ದರೆ ಜನ ಕಾಸು ಕೊಟ್ಟು ಸೀರೆಗೆ ಹಾಕಿಸಿಕೊಳ್ಳುತ್ತಿರಲಿಲ್ಲ ಎಂದ ಬಣ್ಣದ ಓಬಳಶೆಟ್ಟಿ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಒಳಗೆ ಇಳಿಯುವುದೇ ಇಲ್ಲ, ಆದ್ದರಿಂದ ನೀರು ಕೆಡುವ ಪ್ರಶ್ನೆಯೇ ಇಲ್ಲ ಎಂದ ಗಾಣದ ಜೋತಪ್ಪ. ಸುಣ್ಣದ ತಿಪ್ಪರಾಜ, ಹಬ್ಬಕ್ಕೆ ಮನೆ ಶುದ್ಧವಾಗಲೆಂದೇ ಸುಣ್ಣ ಬಳಿಯುವಾಗ ಹೊಳೆಗೆ ಅದನ್ನು ಬೇಡ ಎನ್ನುವುದು ಯಾವ ನ್ಯಾಯ ಎಂದ. ಮೂವರೂ ಪರಸ್ಪರ ತಲೆದೂಗಿದರು. ಕೊನೆಗೆ ಆ ನಿಯಮದ ಪ್ರಕಾರ ಹೊಳೆಯನ್ನು ಕೆಡಿಸುವವರು ಮಡಿವಾಳರು ಮಾತ್ರ ಎಂದಾಯಿತು, ಬಟ್ಟೆಯ ಕೊಳೆ ನೀರಿಗೆ ಬಿಡುತ್ತಾರಲ್ಲ.

ಬೊಮ್ಮರಸ ಅವರಿಗೆ ಕೈಮುಗಿದು ಮನೆಗೆ ಹೋಗಿ ಮಲಗಿದ. ಮರುದಿನ ಒಬ್ಬೊಬ್ಬರ ಮನೆಗೂ ಬೇರೆಬೇರೆಯಾಗಿ ಹೋಗಿ, ನಿಮ್ಮ ಮೇಲಿನವರಿಂದ ನಿಮಗೇನಾದರೂ ತೊಂದರೆ ಉಂಟೇ ಎಂದಷ್ಟೇ ಕೇಳಿದ. ಓಬಳಶೆಟ್ಟಿ ಎಣ್ಣೆಯ ಕಲೆ ಬಿದ್ದು ಕೆಟ್ಟುಹೋದ ರೇಷ್ಮೆಯನ್ನು ಹೊತ್ತು ತಂದು ಮುಂದೆ ಹರವಿದ. ಜೋತಪ್ಪ, ಸುಣ್ಣದ ನೀರು ಕುಡಿದು ಗಾಣದ ಎತ್ತಿನ ಬಾಯಿ ಸುಟ್ಟಿದೆ ಎಂದು ಗೋಳಾಡಿದ. ಬೊಮ್ಮರಸ ಕುಂತಲ್ಲೇ ಅವರಿಬ್ಬರ ಬಾಯಿಂದ ಮೇಲಿನವರಿಗೊಂದು ನಿಯಮ ಹೇಳಿಸಿ ಬರೆದುಕೊಂಡ, ಈರವ್ವನಿಂದಲೂ ಒಂದು ಹೇಳಿಸಿಕೊಂಡ. ತಿಪ್ಪರಾಜ ಮಾತ್ರ, ನಮಗೆ ಯಾರಿಂದಲೂ ತೊಂದರೆಯಿಲ್ಲ ಎಂದು ಬೇಗಬೇಗ ಬಾಗಿಲು ಹಾಕಿಕೊಂಡ.

ಅಮಾವಾಸ್ಯೆಯ ದಿನ ಸಭೆ ಸೇರಿತು. ಬೊಮ್ಮರಸ ಓದಿದ. ಗಾಣದ ಕಾಲುವೆಯ ನೀರಿನಲ್ಲಿ ಅದ್ದಿದ ಬತ್ತಿ ಹತ್ತಿಕೊಳ್ಳಬಾರದು; ಹೇಳಿದವನು ಓಬಳಶೆಟ್ಟಿ. ಸುಣ್ಣದ ಕಾಲುವೆಯ ನೀರನ್ನು ತಿಪ್ಪರಾಜ ತನ್ನ ಸಾಕು ಕುದುರೆಗೆ ಕುಡಿಸಬೇಕು, ಹೇಳಿದವನು ಜೋತಪ್ಪ. ಬಣ್ಣದ ಕಾಲುವೆಯಲ್ಲಿ ಓಬಳಶೆಟ್ಟಿ ತನ್ನ ಬಿಳಿ ರುಮಾಲನ್ನು ಅದ್ದಿ ತೆಗೆದು, ಅದನ್ನೇ ಸುತ್ತಿಕೊಂಡು ಸಂತೆಗೆ ಬರಬೇಕು, ಹೇಳಿದವಳು ಈರವ್ವ.

ಮೂವರು ಯಜಮಾನರೂ ಒಟ್ಟಿಗೆ ಎದ್ದು, ಮಿಕ್ಕವರ ಮೇಲಿನ ನಿಯಮ ಸರಿಯಾಗಿದೆ, ತನ್ನ ಮೇಲಿನದೊಂದು ಅನ್ಯಾಯ ಎಂದರು.

"ಒಪ್ಪಲೇಬೇಕೆಂದಿಲ್ಲ," ಎಂದ ಬೊಮ್ಮರಸ. "ತನ್ನ ಮೇಲಿನ ನಿಯಮ ಒಲ್ಲದವನು, ತಾನು ಹೇಳಿದ ನಿಯಮವನ್ನೂ ಬಿಟ್ಟುಕೊಡಲಿ."

ಓಬಳಶೆಟ್ಟಿ ರೇಷ್ಮೆಯನ್ನು ನೆನೆದು ಕೂತ. ಜೋತಪ್ಪ ಎತ್ತನ್ನು ನೆನೆದು ಕೂತ. ತಿಪ್ಪರಾಜ ನಿಂತೇ ಇದ್ದ. ತಾನು ಯಾರಿಗೂ ನಿಯಮ ಹೇಳಿಲ್ಲ, ಬಿಟ್ಟುಕೊಡುವುದಕ್ಕೂ ಏನಿಲ್ಲ, ಒಪ್ಪುವುದಿಲ್ಲ ಎಂದ. ಹಿಂದೆ ನಿಂತಿದ್ದ ಈರವ್ವನ ಮುಖ ಬಾಡಿತು.

ಬೊಮ್ಮರಸ ಹೋಗಿ ತಿಪ್ಪರಾಜನ ಕಿವಿಯಲ್ಲಿ ಏನೋ ಹೇಳಿದ. ತಿಪ್ಪರಾಜ ಅರಸನ ಕಡೆ ಒಮ್ಮೆ ನೋಡಿದ, ನೆಲ ನೋಡಿದ, ಬೊಮ್ಮರಸನ ಕಿವಿಯಲ್ಲಿ ತಾನೂ ಏನೋ ಹೇಳಿ, ಒಪ್ಪಿದೆ ಎಂದು ಕೂತುಬಿಟ್ಟ.

ಅರಸನಿಗೆ ಸಂತೋಷವಾಯಿತು. ಮಡಿವಾಳರು ಇದ್ದಲ್ಲೇ ಇರಲಿ, ಈ ನಿಯಮ ನಾಳೆ ಬೆಳಗಿನಿಂದಲೇ ಜಾರಿ, ನಾಡಿನಲ್ಲಿ ಯಾರಿಗೂ ವಿನಾಯಿತಿಯಿಲ್ಲ ಎಂದು ಸಾರಿಸಿದ. ಬೊಮ್ಮರಸನಿಗೆ ತನ್ನ ಕೈಯ ಕಡಗವನ್ನೇ ಬಿಚ್ಚಿ ತೊಡಿಸಿದ. ಆಮೇಲೆ ಕೇಳಿದ.

"ಅವನ ಕಿವಿಯಲ್ಲಿ ಏನು ಹೇಳಿದೆ?"

"ನೀವೂ ನಿಮ್ಮ ಮೇಲಿನವರಿಗೆ ಒಂದು ನಿಯಮ ಹೇಳಬಹುದು ಎಂದೆ, ಪ್ರಭು."

"ಅವನ ಮೇಲೆ ಯಾರಿದ್ದಾರೆ?"

"ಅರಮನೆಯ ಆನೆಲಾಯ. ಲದ್ದಿಯ ನೀರು ಬೆರೆತು ಅವರ ಸುಣ್ಣವೆಲ್ಲ ಹಳದಿಯಾಗುತ್ತಿದೆಯಂತೆ. ಪಾಪ, ಹೇಳುವುದಕ್ಕೆ ಹೆದರಿದ್ದರು."

ಅರಸ ಮುಂದಕ್ಕೆ ಬಾಗಿದ. "ಏನಂತೆ ನಿಯಮ?"

"ಲಾಯದ ಕಾಲುವೆಯ ನೀರಿನಲ್ಲಿ ಆನೆಗಳ ಒಡೆಯರು ದಿನಾ ಬೆಳಗ್ಗೆ ಮುಖ ತೊಳೆಯಬೇಕಂತೆ."

ಅರಸನ ಮೀಸೆ ಅಲುಗಿತು, ಭುಜ ಅಲುಗಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾಯದ ಕಾಲುವೆಯನ್ನು ತೋಟದ ಕಡೆ ತಿರುಗಿಸಿ ಎಂದು ನಗುತ್ತಲೇ ಆಳುಗಳನ್ನು ಅಟ್ಟಿದ. ಕಣ್ಣೊರೆಸಿಕೊಂಡು ಬೊಮ್ಮರಸನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದ.

"ಕಾಲುವೆ ತಿರುಗಿಸುವುದಕ್ಕೆ ಒಂದು ದಿನವಾದರೂ ಬೇಕಲ್ಲಯ್ಯಾ. ನಿಯಮ ನಾಡಿದ್ದಿನಿಂದ ಆಗಲಿ."

"ನನ್ನದೇನೂ ಅಡ್ಡಿಯಿಲ್ಲ, ಪ್ರಭು," ಎಂದ ಬೊಮ್ಮರಸ. "ತಿಪ್ಪರಾಜನನ್ನು ಒಂದು ಮಾತು ಕೇಳಿ."