ಮೆಕ್ಸಿಕೋ ಮೆಣಸಿನಕಾಯಿಯ ಘಾಟು

ರಾಜರತ್ನಮ್ಮನವರಿಗೆ ಪಡಸಾಲೆಯ ಕುಂಡದಲ್ಲಿದ್ದ ಹಬನೇರೊ ಗಿಡವೆಂದರೆ ಪಂಚಪ್ರಾಣ. ಮೆಕ್ಸಿಕೋ ಮೆಣಸಿನಕಾಯಿ, ಇಂಥ ಖಾರ ಈ ಊರು ಕಂಡೇ ಇಲ್ಲ ಅಂತ ಬೀದಿಗೆಲ್ಲ ಸಾರಿದ್ದರು. ಒಂದು ಬೆಳಿಗ್ಗೆ ಅದರ ಎಲೆ ಮುರುಟಿಕೊಂಡಿತು. ಸಿಟ್ಟೆಲ್ಲ ಕೆಲಸದ ತಿಪ್ಪಮ್ಮನ ಮೇಲೆ ತಿರುಗಿತು.

"ನಿನ್ನದೇ ಕಣ್ಣು ಬಿದ್ದಿರೋದು! ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕು. ಘಾಟು ಬಂದರೆ ನೀನು ಬಚಾವ್. ಬರದಿದ್ದರೆ ದೃಷ್ಟಿ ಆಗಿದೆ ಅಂತಲೇ ಅರ್ಥ, ನಾಳೆಯಿಂದ ಕೆಲಸಕ್ಕೆ ಬರಬೇಡ."

ತಿಪ್ಪಮ್ಮ ಅಡುಗೆಮನೆಯ ಡಬ್ಬಿ ತೆಗೆದು ನೋಡಿದಳು. ಇದ್ದದ್ದೆಲ್ಲ ಬ್ಯಾಡಗಿ. ಬಣ್ಣ ಭರ್ಜರಿ, ಸುಟ್ಟರೆ ಒಂದು ಸೀನೂ ಬರುವುದಿಲ್ಲ. ಡಬ್ಬಿ ಮುಚ್ಚಿ ನೇರ ಕುಂಡದ ಹತ್ತಿರ ಬಂದಳು. ಬುಡದಲ್ಲಿ ಉದುರಿ ಒಣಗಿದ್ದ ಎರಡು ಹಬನೇರೊ ಹೆಕ್ಕಿದಳು. ಒಂದನ್ನು ಗಿಡಕ್ಕೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿ, ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಚಟಪಟ ಅಂದದ್ದಷ್ಟೇ. ರಾಜರತ್ನಮ್ಮ ಕೆಮ್ಮಿದರು, ಸೀನಿದರು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಬೀದಿಗೆ ಓಡಿದರು. ಹಿಂದೆಯೇ ಯಜಮಾನರು, ಅವರನ್ನೂ ಹಿಂದೆ ಹಾಕಿ ನಾಯಿ. ಎದುರುಮನೆಯವರೂ ಕೆಮ್ಮುತ್ತ ಹೊರಗೆ ಬಂದರು.

ತಿಪ್ಪಮ್ಮ ಬಾಗಿಲಿಗೆ ಬಂದು ಭಯಭಕ್ತಿಯಿಂದ ಕೇಳಿದಳು: "ಘಾಟು ಬಂತಾ ಅಮ್ಮಾವ್ರೇ? ಅನುಮಾನ ಇದ್ರೆ ಹೇಳಿ, ಇನ್ನೊಂದು ಇಟ್ಕೊಂಡಿದೀನಿ."